ಸಮುದ್ರದ ಜೀತದಿಂದ ಮರಳಿದವರು: ಬಡ್ಡಿ ಲೆಕ್ಕದ ಒಂದು ಪಾಠ

ತರಗತಿ: 8. ವಿಷಯ: ಗಣಿತ. ಘಟಕ: ಸರಳಬಡ್ಡಿ ಮತ್ತು ಚಕ್ರಬಡ್ಡಿ. ಅವಧಿ: 40 ನಿಮಿಷಗಳ ಎರಡು ಪಾಠಗಳು.

ಬಡ್ಡಿಯ ಘಟಕಕ್ಕೆ ಬ್ಯಾಂಕಿನ ಉದಾಹರಣೆ ಕೊಡುವುದು ವಾಡಿಕೆ. ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕರಾವಳಿಯ ಒಂದು ಪ್ರೌಢಶಾಲೆ. ಅಲ್ಲಿ ಅರ್ಧ ತರಗತಿ ಬೋಟಿನ ಕೆಲಸ ನಂಬಿದ ಮನೆಗಳಿಂದ ಬರುತ್ತದೆ. ಆದ್ದರಿಂದ ಬ್ಯಾಂಕನ್ನು ಬದಿಗಿಟ್ಟು, 2015ರಲ್ಲಿ ಇಂಡೋನೇಷ್ಯಾದ ಬೆಂಜಿನಾ ಎಂಬಲ್ಲಿ ಬಯಲಾದ ಮೀನುಗಾರರ ಜೀತವನ್ನು ಪಾಠಕ್ಕೆ ಆರಿಸಿಕೊಂಡೆ. ಜೀತಗಾರನ ಸಾಲ ಏಕೆ ತೀರುವುದಿಲ್ಲ ಎಂಬುದು ಮೊದಲ ಅವಧಿಯ ಪ್ರಶ್ನೆ; ಬಿಡುಗಡೆಯಾದವನು ಬದುಕು ಕಟ್ಟಿಕೊಳ್ಳಲು ಏನು ಬೇಕು ಎಂಬುದು ಎರಡನೆಯದು.

ಮಕ್ಕಳಿಗೆ ಹೇಳಿದ ಹಿನ್ನೆಲೆ ಇಷ್ಟು. ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್ ಮತ್ತು ಥೈಲ್ಯಾಂಡಿನ ಬಡ ಯುವಕರನ್ನು ದಲ್ಲಾಳಿಗಳು ಕೆಲಸದ ಆಸೆ ತೋರಿಸಿ ಕರೆದೊಯ್ದು ಮೀನಿನ ಬೋಟುಗಳಿಗೆ ಮಾರಿದ್ದರು. ಹಿಡಿದ ಮೀನನ್ನು ನಡುಸಮುದ್ರದಲ್ಲೇ ಶೀತಲ ಹಡಗಿಗೆ ದಾಟಿಸುವುದರಿಂದ ಬೋಟು ಬಂದರಿಗೆ ಬರಬೇಕಾಗಿಯೇ ಇರಲಿಲ್ಲ. ಬೆಂಜಿನಾದಲ್ಲಿ ಕೆಲವರನ್ನು ಪಂಜರದಲ್ಲಿ ಕೂಡಿಹಾಕಿದ್ದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ವರದಿ ಮಾಡಿತು. ಇಂಡೋನೇಷ್ಯಾ ಸರ್ಕಾರ ಮುನ್ನೂರಕ್ಕೂ ಹೆಚ್ಚು ಜನರನ್ನು ಟುವಾಲ್‌ಗೆ ಸಾಗಿಸಿತು. ಆ ವರದಿಗಳ ಪರಿಣಾಮವಾಗಿ ಒಟ್ಟು 2,000ಕ್ಕೂ ಹೆಚ್ಚು ಮಂದಿಗೆ ಬಿಡುಗಡೆಯಾಯಿತು. ಹೊಡೆತ, ಸಾವುಗಳ ವಿವರಗಳನ್ನು ನಾನು ಬೇಕೆಂದೇ ಕಡಿಮೆ ಮಾಡಿದೆ. ಹದಿಮೂರರ ಮಕ್ಕಳು ಅವನ್ನು ಸಿನಿಮಾ ನೋಡುವಂತೆ ಕೇಳಿ ಮರೆಯುತ್ತಾರೆ. ಲೆಕ್ಕವನ್ನು ತಾವೇ ಮಾಡಿದರೆ ಮರೆಯುವುದಿಲ್ಲ.

ಲೆಕ್ಕ ತರಗತಿಗೆಂದು ನಾನೇ ಹೆಣೆದದ್ದು. ಒಬ್ಬನ ಮೇಲೆ ದಲ್ಲಾಳಿ ಹೊರಿಸಿದ ಸಾಲ 30,000 ರೂಪಾಯಿ, ತಿಂಗಳಿಗೆ ಶೇ. 5 ಬಡ್ಡಿ. ಕೂಲಿ 9,000, ಊಟ, ಕಾಗದಪತ್ರ, ಬಟ್ಟೆ ಎಂದು ಮುರಿದುಕೊಳ್ಳುವುದು 7,500. ಉಳಿದ 1,500 ಬಡ್ಡಿಗೇ ಸರಿಹೋಗುತ್ತದೆ. ವರ್ಷ ದುಡಿದರೂ ಸಾಲ 30,000ವೇ. ಇಲ್ಲಿ ತರಗತಿ ಗುಸುಗುಟ್ಟಲು ಶುರುವಾಯಿತು. ಈಗ ಊಟದ ಖರ್ಚನ್ನು ಬರೀ 500 ರೂಪಾಯಿ ಹೆಚ್ಚಿಸಿ ಎಂದೆ. ಮೊದಲ ತಿಂಗಳ ಕೊನೆಗೆ 30,500, ಎರಡನೆಯದಕ್ಕೆ 31,025, ಮೂರನೆಯದಕ್ಕೆ 31,576ಕ್ಕೂ ಮೇಲೆ. ಗುಂಪುಗಳು 12 ತಿಂಗಳು ಮುಗಿಸುವ ಹೊತ್ತಿಗೆ ಸಾಲ 38,000ದ ಹತ್ತಿರ ಬಂದಿತ್ತು. ಚಕ್ರಬಡ್ಡಿಯ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲೇ ಚಕ್ರ ಎಂದರೇನೆಂದು ಅವರಿಗೆ ತಿಳಿದಿತ್ತು.

ಆಗಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಟೀಚರ್, ನನ್ನ ಅಪ್ಪ ಸೀಸನ್ ಶುರುವಾಗುವ ಮೊದಲು ಮಾಲೀಕರಿಂದ ಮುಂಗಡ ತಗೊಳ್ತಾರೆ. ಅದೂ ಜೀತವಾ?"

ಇಡೀ ಪಾಠದಲ್ಲಿ ಎಚ್ಚರಿಕೆ ಬೇಕಾದದ್ದು ಈ ಕ್ಷಣಕ್ಕೆ. ಹೌದು ಎಂದರೆ ಅವನ ಅಪ್ಪನಿಗೆ ಅವಮಾನ, ಏನೂ ಇಲ್ಲ ಎಂದು ತಳ್ಳಿಹಾಕಿದರೆ ಪ್ರಶ್ನೆಗೆ ಅವಮಾನ. ಮುಂಗಡ ಎಂಬ ಒಂದೇ ಕಾರಣಕ್ಕೆ ಅದು ಜೀತವಾಗುವುದಿಲ್ಲ ಎಂದೆ. ಶಿಕ್ಷೆಯ ಬೆದರಿಕೆಯೊಡ್ಡಿ, ಒಪ್ಪಿಗೆಯಿಲ್ಲದೆ ಮಾಡಿಸಿಕೊಳ್ಳುವ ದುಡಿಮೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಒಡಂಬಡಿಕೆ ಬಲವಂತದ ದುಡಿಮೆ ಎನ್ನುತ್ತದೆ. ಅದನ್ನು ಗುರುತಿಸಲು ಆ ಸಂಘಟನೆ 11 ಸೂಚಕಗಳನ್ನು ಕೊಟ್ಟಿದೆ. ಅವುಗಳಲ್ಲಿ ನಾಲ್ಕನ್ನು ಮಕ್ಕಳ ಮಾತಿನಲ್ಲಿ ಪ್ರಶ್ನೆಗಳಾಗಿಸಿದೆ: ಕೆಲಸ ಬಿಟ್ಟು ಹೋಗಬಹುದೇ? ಗುರುತಿನ ಚೀಟಿ ಯಾರ ಕೈಯಲ್ಲಿದೆ? ಕೂಲಿ ಕೈಗೆ ಬರುತ್ತದೆಯೇ? ಸಾಲದ ಲೆಕ್ಕ ತೋರಿಸುತ್ತಾರೆಯೇ? ಹುಡುಗ ಸ್ವಲ್ಪ ಯೋಚಿಸಿ, "ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲೇ ಉಂಟು, ಅಮ್ಮ ಬರೀತಾರೆ" ಎಂದು ಕುಳಿತ.

ಎರಡನೆಯ ಅವಧಿಗೆ ನಮ್ಮ ದೇಶದ ಕಾನೂನಿನಿಂದ ಹೊರಟೆ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕುತ್ತದೆ. ಗಣಿತದ ಭಾಷೆಯಲ್ಲಿ ಅಸಲು ಸೊನ್ನೆ. "ಸಾಲ ಸೊನ್ನೆಯಾದ ಮರುದಿನ ಅವನ ಬಳಿ ಏನಿರುತ್ತದೆ?" ಎಂದು ಕೇಳಿದೆ. ಮಕ್ಕಳು ಸ್ವಾತಂತ್ರ್ಯ, ಖುಷಿ ಎಂದೆಲ್ಲ ಹೇಳಿ, ಆಮೇಲೆ ನಿಧಾನವಾಗಿ ಅಲ್ಲಿಗೂ ಸೊನ್ನೆಯನ್ನೇ ತಂದರು.

ಬೆಂಜಿನಾದಿಂದ ಮರಳಿದ ಹಲವರ ಸ್ಥಿತಿ ಅದೇ. 22 ವರ್ಷಗಳ ಬಳಿಕ ಮ್ಯಾನ್ಮಾರಿನ ಮನೆ ತಲುಪಿದವರೂ ಅವರಲ್ಲಿದ್ದರು. ಬಾಕಿ ಕೂಲಿ ಕೇಳೋಣವೆಂದರೆ ಕರಾರುಪತ್ರವಿಲ್ಲ. ಎಷ್ಟೋ ಜನರನ್ನು ಸುಳ್ಳು ಥಾಯ್ ಹೆಸರಿನ ದಾಖಲೆಯಲ್ಲಿ ದುಡಿಸಿದ್ದರು; ಸತ್ತವರ ಸಮಾಧಿಯ ಮೇಲೂ ಆ ಸುಳ್ಳು ಹೆಸರೇ. ಇದನ್ನು ಹೇಳಿ, ಮರಳಿದವನಿಗೆ ಬೇಕಾದದ್ದನ್ನು ಆದ್ಯತೆಯ ಕ್ರಮದಲ್ಲಿ ಬರೆಯಲು ಗುಂಪುಗಳಿಗೆ ಹೇಳಿದೆ. ಮೂರು ಗುಂಪುಗಳು ದುಡ್ಡನ್ನು ಮೊದಲಿಟ್ಟವು. ನಾಲ್ಕನೆಯದು "ಅವನದ್ದೇ ಹೆಸರು" ಎಂದು ಬರೆಯಿತು. ಅದನ್ನು ಬರೆದ ಹುಡುಗಿಯ ವಾದ: ಹೆಸರಿನ ಕಾಗದವಿಲ್ಲದಿದ್ದರೆ ಆಸ್ಪತ್ರೆ, ಬ್ಯಾಂಕು, ಬಾಕಿ ಕೂಲಿ ಯಾವುದೂ ಇಲ್ಲ. ತರಗತಿ ತನ್ನ ಪಟ್ಟಿಯನ್ನು ತಾನೇ ತಿದ್ದಿಕೊಂಡಿತು.

ಥೈಲ್ಯಾಂಡಿನ ಪಟಿಮಾ ತುಂಗ್‌ಪುಚಯಕುಲ್ ಅವರ ಕೆಲಸವನ್ನು ಇಲ್ಲಿ ಪರಿಚಯಿಸಿದೆ. ಅವರು ಸಹಸ್ಥಾಪಕಿಯಾಗಿರುವ ಕಾರ್ಮಿಕ ಹಕ್ಕುಗಳ ಸಂಸ್ಥೆ ಇಂಡೋನೇಷ್ಯಾದ ದ್ವೀಪಗಳಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ಊರಿಗೆ ಕಳಿಸುವುದರ ಜೊತೆಗೆ ಬಾಕಿ ಕೂಲಿಗಾಗಿಯೂ ಹೋರಾಡಿತು. ಮಕ್ಕಳಿಗೆ ಅಚ್ಚರಿಯಾದದ್ದು, ಕೆಲವರು ಮರಳಲು ಒಪ್ಪಲಿಲ್ಲ ಎಂಬ ಸಂಗತಿ. ದ್ವೀಪದಲ್ಲೇ ಮದುವೆಯಾಗಿ ಮಕ್ಕಳಿದ್ದವರಿಗೆ ಊರು ಯಾವುದು? ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಕಾನೂನೂ ನಿಧಾನವಾಗಿ ಬದಲಾಯಿತು: ಲಿಖಿತ ಕರಾರನ್ನೂ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿಯನ್ನೂ ಕೇಳುವ 2007ರ ಮೀನುಗಾರಿಕೆ ದುಡಿಮೆ ಒಡಂಬಡಿಕೆಗೆ ಥೈಲ್ಯಾಂಡ್ 2019ರಲ್ಲಿ ಸಹಿಮುದ್ರೆ ಹಾಕಿತು.

ಎರಡನೆಯ ಅವಧಿ ಸಮಾಜ ವಿಜ್ಞಾನದ್ದು, ಗಣಿತದ್ದಲ್ಲ ಎಂದು ವೀಕ್ಷಣಾ ಹಾಳೆಯಲ್ಲಿ ಷರಾ ಬಂದಿದೆ. ವೇಳಾಪಟ್ಟಿಯ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಮೊದಲ ಅವಧಿಯಲ್ಲಿ ಮನುಷ್ಯನೊಬ್ಬನನ್ನು ಸಾಲದ ಚಕ್ರಕ್ಕೆ ಸಿಲುಕಿಸಿ ಗಂಟೆ ಹೊಡೆಯಿತೆಂದು ಎದ್ದುಹೋಗುವುದು ನನಗೆ ಸರಿಕಾಣಲಿಲ್ಲ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಯ ಜೊತೆ ಸೇರಿ ತೆಗೆದುಕೊಂಡರೆ ಆಕ್ಷೇಪ ಉಳಿಯುವುದಿಲ್ಲ.

ಈ ಪಾಠವನ್ನು ಮುಂದೆ ತೆಗೆದುಕೊಳ್ಳುವವರಿಗೆ ಎರಡು ಮಾತು. ಮಕ್ಕಳ ಮನೆಯ ಸಾಲದ ಮೊತ್ತವನ್ನು ತರಗತಿಯಲ್ಲಿ ಕೇಳಬೇಡಿ. ಊರಿನ ಬೋಟು, ಮಾಲೀಕರ ಹೆಸರು ಚರ್ಚೆಗೆ ಬಂದರೆ ಕೂಡಲೇ ಮಾತನ್ನು ಕಪ್ಪುಹಲಗೆಯ ಲೆಕ್ಕಕ್ಕೆ ತನ್ನಿ. ಯಾವುದಾದರೂ ಮಗು ಅವಧಿ ಮುಗಿದ ಮೇಲೆ ಒಬ್ಬಂಟಿಯಾಗಿ ಬಂದು ಏನಾದರೂ ಹೇಳಿದರೆ ಅದನ್ನು ಮಾರ್ಗದರ್ಶಕ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ಅದೇ ದಿನ ತಿಳಿಸಿ. ಜೀತವನ್ನು ಗುರುತಿಸಿ ಬಿಡಿಸುವ ಅಧಿಕಾರ ಜಿಲ್ಲಾಡಳಿತಕ್ಕಿದೆ.