ಇಂಗ್ಲಿಷು ನುಡಿ ಕಲಿಯೋಣ: ‘ನಥಿಂಗ್ ವೆಂಚರ್ಡ್, ನಥಿಂಗ್ ಗೇನ್ಡ್’

ಇಂಗ್ಲಿಷು ಪತ್ರಿಕೆಗಳನ್ನು ಓದುವವರಿಗೆ ಮೇಲಿಂದ ಮೇಲೆ ಎದುರಾಗುವ ಮಾತಿದು. ‘ಏನನ್ನೂ ಪಣಕ್ಕೊಡ್ಡದಿದ್ದರೆ ಏನೂ ದಕ್ಕದು’ ಎಂದು ಇದರ ಅರ್ಥ. ವಾಕ್ಯದಲ್ಲಿ ‘ಇಫ್’ ಎಂಬ ಪದವಿಲ್ಲದಿದ್ದರೂ ‘ಹೀಗಾದರೆ ಹಾಗೆ’ ಎಂಬ ಭಾವ ಅಡಗಿದೆ. ಹೊಸ ಕೆಲಸಕ್ಕೆ ಕೈ ಹಾಕಲು ಅಳುಕುವವನಿಗೆ ಧೈರ್ಯ ಹೇಳುವಾಗ ಇದನ್ನು ಬಳಸುತ್ತಾರೆ.

ಇಲ್ಲಿಯ ಜೀವಾಳ ‘ವೆಂಚರ್’ ಎಂಬ ಪದ. ಇದು ‘ಅಡ್ವೆಂಚರ್’ ಎಂಬುದರ ಮೊಟಕು ರೂಪ. ಹಿಂದಿನ ಕಾಲದ ವರ್ತಕರು ಹಡಗಿಗೇರಿಸಿ ಕಡಲಿನ ಪಾಲಿಗೆ ಒಪ್ಪಿಸಿದ ಸರಕಿಗೂ ಇದೇ ಹೆಸರಿತ್ತು. ಕೊಚ್ಚಿಯಲ್ಲಿರುವ ನಮಗೆ ಇದರ ಅರ್ಥ ಬೇಗ ಹೊಳೆಯಬೇಕು. 1500ರ ಮಾರ್ಚ್ ತಿಂಗಳಲ್ಲಿ ಪೋರ್ಚುಗೀಸರ ನಾಯಕ ಕಬ್ರಾಲ್ 13 ಹಡಗುಗಳೊಡನೆ ಲಿಸ್ಬನ್ನಿನಿಂದ ಹೊರಟನು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ 4 ಹಡಗುಗಳು ನಾವಿಕರೊಡನೆ ಮುಳುಗಿದವು. ಡಿಸೆಂಬರಿನಲ್ಲಿ ಅವನು ಕೊಚ್ಚಿಯನ್ನು ಮುಟ್ಟಿ, ಮೆಣಸು ತುಂಬಿಸಿಕೊಂಡು 1501ರಲ್ಲಿ ಊರು ಸೇರಿದನು. ವೆಂಚರ್ ಎಂದರೆ ಇದು: ಲಾಭದ ಆಸೆ ಎಷ್ಟು ನಿಜವೋ ಮುಳುಗುವ ಭಯವೂ ಅಷ್ಟೇ ನಿಜ.

ಹಾಗೆಂದು ವೆಂಚರ್ ಜೂಜಲ್ಲ. ಜೂಜಿನಲ್ಲಿ ಬರಿಯ ಅದೃಷ್ಟ; ಇಲ್ಲಿ ಲೆಕ್ಕಾಚಾರ ಉಂಟು. ತಿರುವನಂತಪುರದ ಸಮೀಪದ ತುಂಬಾ ಇದಕ್ಕೆ ಒಳ್ಳೆಯ ನಿದರ್ಶನ. ಭೂಮಿಯ ಕಾಂತೀಯ ವಿಷುವರೇಖೆ ಅದರ ಹತ್ತಿರ ಹಾದುಹೋಗುತ್ತಿದ್ದುದರಿಂದ ವಿಕ್ರಂ ಸಾರಾಭಾಯಿಯವರೂ ಅವರ ಸಂಗಡಿಗರೂ ಆ ಬೆಸ್ತರ ಹಳ್ಳಿಯನ್ನು ಆರಿಸಿದರು. ಇಗರ್ಜಿಯ ಕಟ್ಟಡವೇ ಕಚೇರಿಯಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದ್ದೂ ಉಂಟು. ಎಂಜಿನಿಯರರು ಮೊದಲೇ ಅಮೆರಿಕಕ್ಕೆ ಹೋಗಿ ತರಬೇತಿ ಪಡೆದು ಬಂದಿದ್ದರು. 1963ರ ನವೆಂಬರ್ 21ರ ಸಂಜೆ ಅಮೆರಿಕದ ನೈಕ್-ಅಪಾಚೆ ರಾಕೆಟ್ಟು ಅಲ್ಲಿಂದ ಹಾರಿತು. ಸಾಧನ ಅಲ್ಪ, ಸಿದ್ಧತೆ ಪೂರ್ಣ. ಇಂಥ ಕಡೆ ಈ ನುಡಿ ಸರಿಯಾಗಿ ಹೊಂದುತ್ತದೆ.

ಇದು ಸಲ್ಲದ ಸಂದರ್ಭವನ್ನೂ ತಿಳಿದಿರಬೇಕು. 1960ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಎರ್ನಾಕುಲದ ಕೇರಳ ಹೈಕೋರ್ಟು ಪಾಲಾ ಸೆಂಟ್ರಲ್ ಬ್ಯಾಂಕಿನ ವ್ಯವಹಾರವನ್ನು ನಿಲ್ಲಿಸಿತು. ಅದರಲ್ಲಿ ಉಳಿತಾಯವಿಟ್ಟು ಕಂಗಾಲಾದವರಿಗೆ ‘ನಥಿಂಗ್ ವೆಂಚರ್ಡ್’ ಎಂದು ಸಮಾಧಾನ ಹೇಳಿದರೆ ಅದು ಕ್ರೂರವೂ ಹೌದು, ತಪ್ಪು ಪ್ರಯೋಗವೂ ಹೌದು. ಅವರು ಪಣವೊಡ್ಡಿದವರಲ್ಲ, ಸುರಕ್ಷಿತವೆಂದು ನಂಬಿ ಇಟ್ಟವರು. ಅಂಥವರ ರಕ್ಷಣೆಗೆಂದೇ 1962ರ ಜನವರಿ 1ರಿಂದ ಠೇವಣಿ ವಿಮೆ ಬಂದಿತು. ಅಪಾಯವನ್ನು ಅರಿತು, ತನ್ನದನ್ನೇ ಒಡ್ಡುವವನಿಗೆ ಮಾತ್ರ ಈ ನುಡಿ ಸಲ್ಲುತ್ತದೆ.

ಕನ್ನಡದಲ್ಲಿ ‘ನೀರಿಗಿಳಿಯದೆ ಈಜು ಬಾರದು’ ಎಂಬುದು ಇದಕ್ಕೆ ಸಮೀಪ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಅನುವಾದಿಸಬಾರದು. ಅದು ದುಡಿಮೆಯ ಮಾತು, ಅಪಾಯದ್ದಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಇದಕ್ಕೆದುರಾದ ಬುದ್ಧಿಮಾತು. ಜಾಣನಿಗೆ ಎರಡೂ ಬೇಕು.

ಅಭ್ಯಾಸ: ಕೆಳಗಿನವುಗಳಲ್ಲಿ ಈ ನುಡಿ ಎಲ್ಲಿ ಒಪ್ಪುತ್ತದೆ, ಏಕೆ?

1. ಕೆಲಸ ಕಲಿತು, ಸ್ವಂತ ಉಳಿತಾಯದಿಂದ ಸಣ್ಣ ಹೋಟೆಲು ತೆರೆಯುವವನು.
2. ಹಣ ದುಪ್ಪಟ್ಟಾಗುವುದೆಂಬ ಮಾತು ಕೇಳಿ, ಮನೆಯವರಿಗೆ ತಿಳಿಸದೆ ಮಗಳ ಮದುವೆಯ ಹಣವನ್ನು ಕೊಡುವವನು.
3. ಸೋಲಬಹುದೆಂದು ತಿಳಿದೂ ಚೆನ್ನಾಗಿ ಓದಿಕೊಂಡು ಕಠಿಣ ಪರೀಕ್ಷೆಗೆ ಕೂರುವವಳು.

ಎರಡನೆಯವನ ಮನೆಯವರಿಗೆ ನೀವು ಯಾವ ಗಾದೆ ಹೇಳುವಿರಿ? ಅದನ್ನೂ ಬರೆಯಿರಿ.