ನೀರಿನ ಋಣ

ಮೂಡಲಗಿಯ ವಿದ್ಯಾರ್ಥಿಯೊಬ್ಬನು ಗೋಕಾಕದ ವಸತಿನಿಲಯದಲ್ಲಿದ್ದು ಓದುತ್ತಿದ್ದನು. ಬೇಸಗೆಯ ಒಂದು ಶನಿವಾರ ಮಧ್ಯಾಹ್ನ, ಹುಕ್ಕೇರಿ ತಾಲ್ಲೂಕಿನ ಗೆಳೆಯನ ಮನೆಗೆ ಅವನೊಡನೆ ಹೊರಟನು. ದಾರಿಯಲ್ಲಿ ಗೋಕಾಕ ಜಲಪಾತವು ಎದುರಾಯಿತು. ಮಳೆಗಾಲದಲ್ಲಿ 52 ಮೀಟರು ಎತ್ತರದಿಂದ ಭೋರ್ಗರೆದು ಧುಮುಕುವ ಘಟಪ್ರಭೆ ಅಂದು ಬಿಳಿಯ ಎಳೆಯಂತೆ ಬಂಡೆಯಿಂದ ಇಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಗೆಳೆಯನ ಅಜ್ಜಿ ಇಬ್ಬರನ್ನೂ ಹಿಡಕಲ್ ಜಲಾಶಯದ ದಂಡೆಗೆ ಕರೆದೊಯ್ದಳು. ನೀರು ಇಳಿದಿತ್ತು. ಮುಳುಗಡೆಯಾದ ಹುನ್ನೂರಿನ ವಿಠ್ಠಲ ದೇವಾಲಯವು ತಲೆಯೆತ್ತಿ ನಿಂತಿತ್ತು.

“ಇದರ ಹಿಂದ ನಮ್ಮ ಮನಿ ಇತ್ತು, ತಮ್ಮಾ” ಎಂದಳು ಅಜ್ಜಿ.

1970ರ ದಶಕದಲ್ಲಿ ಇಲ್ಲಿ ನೀರು ನಿಂತಾಗ ಊರು ಮುಳುಗಿತ್ತು. ಆ ನೀರೇ ಧೂಪದಾಳದ ಒಡ್ಡಿನಲ್ಲಿ ಎಡದಂಡೆ ಕಾಲುವೆಗೆ ತಿರುಗಿ ಮೂಡಲಗಿಯ ಕಡೆಗೆ ಹರಿಯುತ್ತದೆ. ಬಾಲಕನಿಗೆ ತಂದೆಯ ಕಬ್ಬಿನ ಹೊಲ ನೆನಪಾಯಿತು. ಅವನು ತಲೆ ತಗ್ಗಿಸಿದನು.

“ನಮ್ಮ ಹೊಲಕ್ಕ ಬರೋದು ಇದ ನೀರು, ಆಯಿ.”

“ಬೆಳಿ ಛಲೋ ಐತೇನು?”

“ಛಲೋ ಐತ್ರಿ.”

“ಹಂಗಾರ ನಮ್ಮ ಊರು ಸುಮ್ಮನ ಮುಳುಗಲಿಲ್ಲ ಬಿಡು” ಎಂದು ಅಜ್ಜಿ ಅವನ ಬೆನ್ನು ಸವರಿದಳು.

ಸಂಜೆ ಇಬ್ಬರೂ ಗೋಕಾಕಕ್ಕೆ ಮರಳಿದರು. ಅಂದಿನಿಂದ ಆ ಬಾಲಕನು, ಬದು ಒಡೆದು ನೀರು ವ್ಯರ್ಥವಾಗಿ ಹರಿಯುವುದನ್ನು ಕಂಡರೆ, ಮಣ್ಣು ಹಾಕಿ ಕಟ್ಟದೆ ಮುಂದೆ ಹೋಗಲಿಲ್ಲ.