ಅದ್ದೂರಿ ದಾಸೋಹವೇನೋ ಮರೀ?

ಮರೀ, ಜಾತ್ರೆಗೆ ನೀನು ಕಟ್ಟಿಸಿದ ಬ್ಯಾನರ್ ನೋಡಿದೆ. ಮೇಲೆ ದಪ್ಪಕ್ಷರದಲ್ಲಿ ‘ಅದ್ದೂರಿ ದಾಸೋಹ’, ನಡುವೆ ಕಪ್ಪು ಕನ್ನಡಕದ ನಿನ್ನ ಫೋಟೋ, ಮೂಲೆಯಲ್ಲೆಲ್ಲೋ ಚಿಕ್ಕದಾಗಿ ಬಸವಣ್ಣ. ಚೆಂದ ಕಾಣ್ತೀಯ, ತಕರಾರಿಲ್ಲ. ನಾಲ್ಕು ಜನಕ್ಕೆ ಉಣ್ಣಿಸೋ ಮನಸ್ಸಿದೆಯಲ್ಲ, ಅದೂ ನನಗೆ ಖುಷಿಯೇ. ಆದರೆ ದಾಸೋಹಕ್ಕೆ ಹೋಗಿ ‘ಅದ್ದೂರಿ’ ಅಂಟಿಸಿದೆಯಲ್ಲ, ನಗು ತಡೆಯಲಾಗಲಿಲ್ಲ.

ದಾಸೋಹ ಅಂದರೆ ಪುಕ್ಕಟೆ ಊಟ ಅಂತ ತಿಳಿದಿದ್ದೀಯ. ಆ ಪದದೊಳಗೆ ಅನ್ನವೂ ಇಲ್ಲ, ಸಾರೂ ಇಲ್ಲ. ಸಂಸ್ಕೃತದ ‘ದಾಸಃ’, ‘ಅಹಂ’ ಎರಡೂ ಕೂಡಿ ‘ದಾಸೋಹಂ’ ಆಯಿತು: ನಾನು ಆಳು. ‘ಸೋಹಂ’, ಅಂದರೆ ಅವನೇ ನಾನು ಅನ್ನುವ ದೊಡ್ಡ ಮಾತು ಮೊದಲೇ ಇತ್ತು. ಹಾಗೆ ಹೇಳಿಕೊಂಡವನ ತಲೆ ತಿರುಗೋದು ಸುಲಭ. 12ನೇ ಶತಮಾನದ ಶರಣರು ಅದನ್ನು ಬಿಟ್ಟು ಆಳಾಗುವ ಮಾತನ್ನು ಆರಿಸಿಕೊಂಡರು. ಉಣ್ಣುವವನು ಒಡೆಯ, ಬಡಿಸುವವನು ಆಳು. ಆಳಿನ ಫೋಟೋ ಯಾರು ಹಾಕಿಸ್ತಾರಪ್ಪಾ?

ಇನ್ನು ಆ ದಾಸೋಹದ ಅನ್ನ ಬರಬೇಕಾದ್ದು ಕಾಯಕದಿಂದ. ‘ಕಾಯ’ ಅಂದರೆ ಮೈ, ಮೈ ಬಗ್ಗಿಸಿ ದುಡಿಯೋದು ಕಾಯಕ. ಕಾಯಕಕ್ಕೂ ಕೈಲಾಸಕ್ಕೂ ಗಂಟು ಹಾಕಿದ ಮಾತನ್ನು ಬಸವಣ್ಣನ ಹೆಸರಲ್ಲಿ ಸ್ಟೇಟಸ್ ಹಾಕ್ತೀಯಲ್ಲ, ಅದು ಬರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಹೆಂಡತಿ ಲಕ್ಕಮ್ಮ ಅದನ್ನೇ ಬೇಯಿಸಿ ಜಂಗಮರಿಗೆ ಬಡಿಸಿದ ಮೇಲೆ ಇಬ್ಬರೂ ಉಣ್ಣೋರು. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಮೊರ ಮುಟ್ಟಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಯಾಕೆ ತಂದೆ, ಆಸೆ ಹತ್ತಿತಾ ಅಂತ ಗಂಡನನ್ನೇ ಝಾಡಿಸಿ, ಹೆಚ್ಚಿನದನ್ನು ವಾಪಸು ಸುರಿದು ಬರಲು ಅಟ್ಟಿದಳು. ಅಂಥ ಹೆಣ್ಣುಮಗಳು ನಿನ್ನ ಚಂದಾ ಪುಸ್ತಕ ಕೈಗೆತ್ತಿಕೊಂಡರೆ ಏನು ಕೇಳ್ತಾಳೋ, ನೀನೇ ನೋಡಿಕೋ. ಅಂಗಡಿಯವನ ಹತ್ತಿರ ಬಲವಂತದಿಂದ ಕಿತ್ತ ಐನೂರು ರೂಪಾಯಿಯ ಹುಗ್ಗಿಗೆ ನಾನಂತೂ ದಾಸೋಹ ಅನ್ನೋದಿಲ್ಲ.

ಕೋಪ ಮಾಡ್ಕೋಬೇಡ. ಬಯ್ದರೂ ಕೇಳೋ ಹುಡುಗ ಅಂತಲೇ ಬಯ್ತಿದ್ದೀನಿ. ನಾಳೆ ಪಂಕ್ತಿ ಕೂತಾಗ ಹುಗ್ಗಿಯ ಸೌಟಿಗೆ ಎಲ್ಲರೂ ಕೈ ಚಾಚ್ತಾರೆ, ಅದನ್ನು ಚಿಕ್ಕ ಹುಡುಗರಿಗೆ ಬಿಡು. ಎಂಜಲೆಲೆ ಎತ್ತೋಕೆ ಯಾವ ವರ್ಷವೂ ಜನ ಸಾಲೋದಿಲ್ಲ. ಪಂಚೆ ಮೇಲಕ್ಕೆ ಕಟ್ಟಿ ಅಲ್ಲಿ ನಿಂತ್ಕೋ, ಬುಟ್ಟಿ ನಾನು ತರ್ತೀನಿ.